ಬಿ.ಎಡ್. ಗಣಿತದವರು ಹೊಸ ಲೆಕ್ಕದ ಮುಂದೆ ಯಾಕೆ ನಿಂತುಬಿಡುತ್ತಾರೆ?

ಗಣಿತ ಬೋಧಕಿ (ಮಲೆನಾಡು):

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಡ್. ಕಾಲೇಜೊಂದರಲ್ಲಿ ಗಣಿತ ಬೋಧನಾ ವಿಧಾನ ಕಲಿಸುತ್ತೇನೆ. ಇಲ್ಲಿ ಹೈಸ್ಕೂಲ್ ಮೇಷ್ಟ್ರುಗಳೂ ಇದ್ದಾರೆ, ಟ್ರೈನಿಂಗ್‌ನಲ್ಲಿರುವ ಹುಡುಗ ಹುಡುಗಿಯರೂ ಇದ್ದಾರೆ. ಅದಕ್ಕೆ ಇಲ್ಲೇ ಕೇಳೋಣ ಅನ್ನಿಸಿತು.

ಮೊದಲ ವರ್ಷದವರಿಗೆ ಒಂದು ಲೆಕ್ಕ ಕೊಟ್ಟೆ. ಒಂದು ರಾಶಿ ಮಾವಿನಹಣ್ಣು. ರಾಜ ಅದರಲ್ಲಿ ಆರನೇ ಒಂದು ಭಾಗ ತೆಗೆದುಕೊಂಡ. ಉಳಿದದ್ದರಲ್ಲಿ ಐದನೇ ಒಂದು ಭಾಗ ರಾಣಿಗೆ. ಆಮೇಲೆ ಮೂವರು ರಾಜಕುಮಾರರು ಒಬ್ಬರಾದ ಮೇಲೆ ಒಬ್ಬರು ಬಂದು, ಉಳಿದದ್ದರಲ್ಲಿ ನಾಲ್ಕನೇ ಒಂದು, ಮತ್ತೆ ಉಳಿದದ್ದರಲ್ಲಿ ಮೂರನೇ ಒಂದು, ಮತ್ತೆ ಉಳಿದದ್ದರಲ್ಲಿ ಅರ್ಧ ತೆಗೆದುಕೊಂಡರು. ಕೊನೆಗೆ ಉಳಿದ ಮೂರು ಹಣ್ಣು ಚಿಕ್ಕ ಮಗುವಿಗೆ. ರಾಶಿಯಲ್ಲಿ ಎಷ್ಟು ಹಣ್ಣಿತ್ತು?

ಇವರೆಲ್ಲ ಬಿ.ಎಸ್ಸಿ.ಯಲ್ಲಿ ಗಣಿತ ಓದಿ ಪಾಸಾದವರು. ಡಿಫರೆನ್ಶಿಯಲ್ ಇಕ್ವೇಶನ್ ಕೊಟ್ಟರೆ ಚಕಚಕ ಬಿಡಿಸುತ್ತಾರೆ. ಆದರೆ ಇಲ್ಲಿ ಹೆಚ್ಚಿನವರು ಲೆಕ್ಕವನ್ನು ಪೂರ್ತಿ ಓದುವ ಮೊದಲೇ 'ಒಟ್ಟು ಹಣ್ಣು ಎಕ್ಸ್ ಆಗಿರಲಿ' ಎಂದು ಬರೆದಾಯಿತು. ಎಕ್ಸ್‌ನ ಆರನೇ ಒಂದು, ಎಕ್ಸ್‌ನ ಐದನೇ ಒಂದು, ನಾಲ್ಕನೇ ಒಂದು, ಮೂರನೇ ಒಂದು, ಅರ್ಧ. ಎಲ್ಲವೂ ಪೂರ್ತಿ ಎಕ್ಸ್‌ನದ್ದೇ. 'ಉಳಿದದ್ದರಲ್ಲಿ' ಅನ್ನುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಛೇದಗಳ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) 60 ತೆಗೆದು ಕೂಡಿದರೆ 87/60 ಬಂತು. ಅಂದರೆ ಇದ್ದ ರಾಶಿಗಿಂತ ಹಂಚಿದ್ದೇ ಜಾಸ್ತಿ! ಅಲ್ಲಿ ಒಂದು ಕ್ಷಣ ನಿಲ್ಲಬೇಕಿತ್ತು, ಅಲ್ವಾ? ನಿಲ್ಲಲಿಲ್ಲ. ಸಮೀಕರಣ ಬಿಡಿಸಿ ಮೈನಸ್ 20/3 ಎಂದು ಉತ್ತರ ತಂದು, ಅದರ ಸುತ್ತ ಸ್ಕೇಲಿಟ್ಟು ಚೌಕ ಹಾಕಿದವರಿದ್ದರು. ಮೈನಸ್ ಚಿಹ್ನೆ ಮಾತ್ರ ಅಳಿಸಿದವರೂ ಇದ್ದರು. ಕೆಲವರು ಪೆನ್ನು ಕೆಳಗಿಟ್ಟು 'ಮೇಡಂ, ಇದು ಯಾವ ಚಾಪ್ಟರ್?' ಎಂದು ಕೇಳಿದರು.

ಇವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಹಾಗಿದ್ದರೆ ತೊಡಕು ಎಲ್ಲಿದೆ? ನಿಮ್ಮ ಅನುಭವ ಹೇಳಿ.

ಎರಡನೇ ವರ್ಷದವಳು (ಕೊಪ್ಪಳ):

ಮೇಡಂ, ನಾನು ಈಗ ಬಿ.ಎಡ್. ಎರಡನೇ ವರ್ಷ. 'ಯಾವ ಚಾಪ್ಟರ್' ಅನ್ನುವ ಪ್ರಶ್ನೆ ನಮಗೆ ಎಲ್ಲಿಂದ ಬರುತ್ತದೆ ಅಂತ ಹೇಳುತ್ತೇನೆ.

ಡಿಗ್ರಿಯಲ್ಲಿ ನಾವು ಓದುವುದು ಹಳೆ ಪ್ರಶ್ನೆಪತ್ರಿಕೆ. ಐದು ವರ್ಷದ ಪೇಪರ್ ಇಟ್ಟುಕೊಂಡು, ತಿರುಗಾ ಮುರುಗಾ ಬರುವ ಲೆಕ್ಕಗಳಿಗೆ ಸ್ಟಾರ್ ಹಾಕಿಕೊಳ್ಳುತ್ತೇವೆ. ಲೆಕ್ಕದ ಮೊದಲ ಸಾಲು ನೋಡಿದರೆ ಸಾಕು, ಯಾವ ಮೆಥಡ್ ಅಂತ ಗೊತ್ತಾಗುತ್ತದೆ. ಕೈ ತಾನಾಗಿ ಬರೆಯುತ್ತದೆ. ಗೊತ್ತಾಗದಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೇವೆ, ಯಾಕೆಂದರೆ ಚಾಯ್ಸ್ ಇರುತ್ತದೆ. ಸಿಕ್ಕಿಹಾಕಿಕೊಂಡ ಲೆಕ್ಕದ ಜೊತೆ ಅರ್ಧ ಗಂಟೆ ಕೂತದ್ದು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಇನ್ನೊಂದು ಮಾತು. ಬೋಧನಾಭ್ಯಾಸಕ್ಕೆ ಹೋದಾಗ ಹಿಂದಿನ ಬೆಂಚಿನಲ್ಲಿ ಅಬ್ಸರ್ವೇಶನ್ ಪುಸ್ತಕ ಹಿಡಿದು ಯಾರೋ ಕೂತಿರುತ್ತಾರೆ. ಬೋರ್ಡಿನ ಮುಂದೆ ಒಂದು ನಿಮಿಷ ಯೋಚಿಸುತ್ತಾ ನಿಂತರೆ 'ವಿಷಯದ ಮೇಲೆ ಹಿಡಿತ ಸಾಲದು' ಅಂತ ಬರೆಯುತ್ತಾರೆ. ಹಾಗಾಗಿ ಎಲ್ಲರೂ ಪಠ್ಯಪುಸ್ತಕದಲ್ಲಿ ಬಿಡಿಸಿಟ್ಟಿರುವ ಉದಾಹರಣೆಯನ್ನೇ ಪಾಠ ಯೋಜನೆಗೆ ಹಾಕಿಕೊಳ್ಳುತ್ತಾರೆ. ಬೋರ್ಡಿನಲ್ಲಿ ಮೂರು ಬಣ್ಣದ ಚಾಕ್‌ಪೀಸ್, ಪಕ್ಕದಲ್ಲಿ ಚಾರ್ಟ್. ಪಾಠ ನೀಟಾಗಿ ಮುಗಿಯುತ್ತದೆ. ಆದರೆ ಯಾರೂ ಏನನ್ನೂ ಹುಡುಕಿರುವುದಿಲ್ಲ. ಮಕ್ಕಳೂ ಇಲ್ಲ, ನಾವೂ ಇಲ್ಲ.

ಹೈಸ್ಕೂಲ್ ಮೇಷ್ಟ್ರು (ಹಾವೇರಿ):

ತಂಗಿ ಹೇಳಿದ್ದು ನಿಜ. ನಮ್ಮ ಶಾಲೆಗೆ ಪ್ರತಿ ವರ್ಷ ಇಂಟರ್ನ್‌ಶಿಪ್‌ಗೆ ಬಿ.ಎಡ್. ಹುಡುಗರು ಬರುತ್ತಾರೆ. ಒಂದು ಸಲ ಭಿನ್ನರಾಶಿ ಭಾಗಾಕಾರ ನಡೆಯುತ್ತಿತ್ತು. ಹುಡುಗಿಯೊಬ್ಬಳು ಎದ್ದು ನಿಂತು, 'ಸರ್, ಎರಡನೇದನ್ನ ಯಾಕೆ ತಲೆಕೆಳಗು ಮಾಡ್ಬೇಕು? ಮೊದಲನೇದನ್ನ ಯಾಕೆ ಮಾಡಬಾರ್ದು?' ಎಂದು ಕೇಳಿದಳು. ಎಂಥ ಒಳ್ಳೆ ಪ್ರಶ್ನೆ! ಟ್ರೈನಿ 'ಅದು ನಿಯಮ, ಬರ್ಕೊಳ್ಳಮ್ಮ' ಎಂದ. ಪಾಠ ಮುಗಿದ ಮೇಲೆ ಅವನನ್ನು ಕರೆದು ಮೆಲ್ಲಗೆ ಕೇಳಿದೆ: ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸುವುದಕ್ಕೆ ಒಂದು ಕಥೆ ಹೇಳು ನೋಡೋಣ. 'ಒಂದೂ ಮುಕ್ಕಾಲು ಕೆಜಿ ಸಕ್ಕರೆಯನ್ನು ಇಬ್ಬರಿಗೆ ಹಂಚುವುದು' ಅಂದ. ಅದು ಎರಡರಿಂದ ಭಾಗಿಸಿದ್ದಾಯಿತು, ಅರ್ಧದಿಂದ ಅಲ್ಲ. ಅವನು ಬಿಡಿಸಿದ ಉತ್ತರ ಮೂರೂವರೆ, ಸರಿಯಾಗಿತ್ತು. ಕಥೆಯಲ್ಲಿ ಒಬ್ಬರಿಗೆ ಒಂದು ಕೆಜಿಯೂ ಬರುವುದಿಲ್ಲ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ.

'ಒಂದೂ ಮುಕ್ಕಾಲು ಲೀಟರ್ ಹಾಲು ಬೇಕು, ನಂದಿನಿ ಅರ್ಧ ಲೀಟರ್ ಪ್ಯಾಕೆಟ್ ಎಷ್ಟು ಬೇಕಾಗುತ್ತೆ?' ಎಂದೆ. ಅವನ ಮುಖ ಅರಳಿತು. ಮೂರೂವರೆ ಪ್ಯಾಕೆಟ್! ಆಮೇಲೆ ತಾನೇ, 'ಆದರೆ ಅಂಗಡಿಯಲ್ಲಿ ಅರ್ಧ ಪ್ಯಾಕೆಟ್ ಕೊಡಲ್ಲ, ನಾಲ್ಕು ತಗೋಬೇಕು ಸರ್' ಎಂದ. ಆ ಎರಡನೇ ಮಾತು ನನಗೆ ಜಾಸ್ತಿ ಖುಷಿ ಕೊಟ್ಟಿತು.

ಇದು ನಮ್ಮ ಹುಡುಗರದ್ದು ಮಾತ್ರ ಅಲ್ಲ. ಲಿಪಿಂಗ್ ಮಾ ಎಂಬ ಚೀನಾ ಮೂಲದ ಸಂಶೋಧಕಿ ಇದೇ ಲೆಕ್ಕವನ್ನು ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಾಲೆ ಶಿಕ್ಷಕರ ಮುಂದಿಟ್ಟಿದ್ದರು. 1999ರಲ್ಲಿ ಅದು ಪ್ರಕಟವಾಯಿತು. ಅಮೆರಿಕದವರಲ್ಲಿ ಅರ್ಧಕ್ಕಿಂತ ಕಡಿಮೆ ಜನಕ್ಕೆ ಸರಿ ಉತ್ತರ ಬಂತು. ಹೊಂದುವ ಕಥೆ ಕಟ್ಟಿದವರು ಒಬ್ಬರೇ. ಚೀನಾದವರು ಎಲ್ಲರೂ ಲೆಕ್ಕ ಸರಿ ಮಾಡಿದರು, ಬಹುಪಾಲು ಜನ ಕಥೆಯನ್ನೂ ಸರಿಯಾಗಿ ಕಟ್ಟಿದರು. ಅವರು ನಮ್ಮ ಹಾಗೆ ಡಿಗ್ರಿ ಮಾಡಿದವರಲ್ಲ, ಒಂಬತ್ತನೇ ತರಗತಿಯವರೆಗೆ ಓದಿ ಆಮೇಲೆ ಶಿಕ್ಷಕರ ತರಬೇತಿ ಪಡೆದವರು. ಇದು ನಮ್ಮ ಗಮನದಲ್ಲಿರಬೇಕು. ದೊಡ್ಡ ಗಣಿತ ಓದಿದ ಮಾತ್ರಕ್ಕೆ ಸಣ್ಣ ಗಣಿತದ ಒಳಗೆ ಹೋಗಿದ್ದೇವೆ ಅಂತಲ್ಲ.

ಸಂಶೋಧನಾ ವಿದ್ಯಾರ್ಥಿ (ಮೈಸೂರು):

ಮೇಷ್ಟ್ರ ಮಾತಿಗೆ ಸೇರಿಸುತ್ತೇನೆ. 1997ರಲ್ಲಿ ಪ್ರಕಟವಾದ ಬೆಲ್ಜಿಯಂನ ಒಂದು ಅಧ್ಯಯನ ಇದೆ. ಶಿಕ್ಷಕರ ತರಬೇತಿಯಲ್ಲಿದ್ದ ಮುನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಇಂಥ ಲೆಕ್ಕ ಕೊಟ್ಟರು: ಎರಡೂವರೆ ಮೀಟರ್ ಉದ್ದದ ನಾಲ್ಕು ಹಲಗೆ ಇವೆ. ಒಂದು ಮೀಟರ್ ಉದ್ದದ ಎಷ್ಟು ಹಲಗೆ ಕೊಯ್ಯಬಹುದು? ನಾಲ್ಕು ಎರಡೂವರೆ ಹತ್ತು, ಹತ್ತು ಹಲಗೆ ಅಂದುಬಿಡುವವರಿದ್ದಾರೆ. ಬಡಗಿಯನ್ನು ಕೇಳಿ, ಎಂಟು ಅನ್ನುತ್ತಾನೆ. ಒಂದೊಂದರಲ್ಲೂ ಅರ್ಧ ಮೀಟರ್ ತುಂಡು ಉಳಿದುಬಿಡುತ್ತದೆ.

ಈ ಥರದ ಲೆಕ್ಕಗಳಲ್ಲಿ ಆ ವಿದ್ಯಾರ್ಥಿಗಳು ಕೊಟ್ಟ ಉತ್ತರಗಳ ಪೈಕಿ ಅರ್ಧದಷ್ಟೂ ನಿಜಜೀವನಕ್ಕೆ ಹೊಂದುತ್ತಿರಲಿಲ್ಲ. ಅದಕ್ಕಿಂತ ಬೇಸರದ ಸಂಗತಿ ಮುಂದಿನದು. ಮಕ್ಕಳ ಉತ್ತರಗಳನ್ನು ಮೌಲ್ಯಮಾಪನ ಮಾಡಲು ಹೇಳಿದಾಗ, ಹೊಂದುವ ಉತ್ತರಕ್ಕಿಂತ ಬರೀ ಗುಣಿಸಿಟ್ಟ ಉತ್ತರಕ್ಕೇ ಅವರು ಹೆಚ್ಚು ಬೆಲೆ ಕೊಟ್ಟರು. ಅಂದರೆ 'ಎಂಟು' ಅಂದ ಮಗು ಅಂಕ ಕಳೆದುಕೊಳ್ಳುತ್ತದೆ. ಮುಂದಿನ ಸಲ ಅದೂ 'ಹತ್ತು' ಅನ್ನಲು ಕಲಿಯುತ್ತದೆ. ಆ ಮಗುವೇ ನಾಳೆ ಬಿ.ಎಡ್.ಗೆ ಬರುತ್ತದೆ. ಮೇಡಂ ಕೇಳಿದ 'ತೊಡಕು ಎಲ್ಲಿದೆ' ಅನ್ನುವುದಕ್ಕೆ ನನ್ನ ಉತ್ತರ ಇದು: ಈ ಸುತ್ತು ಎಲ್ಲೂ ಕಡಿಯುತ್ತಿಲ್ಲ. ಬಿ.ಎಡ್. ತರಗತಿಯಲ್ಲೇ ಅದನ್ನು ಕಡಿಯಬಹುದು.

ಇನ್ನೊಂದು ಲೆಕ್ಕ ನಿಮ್ಮ ತರಗತಿಯಲ್ಲಿ ಕೊಟ್ಟು ನೋಡಿ. ಒಂದು ಕಾಲೇಜಿನಲ್ಲಿ ಅಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ. ವಿದ್ಯಾರ್ಥಿಗಳ ಸಂಖ್ಯೆ 'ವಿ', ಅಧ್ಯಾಪಕರ ಸಂಖ್ಯೆ 'ಅ'. ಸಮೀಕರಣ ಬರೆಯಿರಿ. ಬಹಳ ಜನ '6ವಿ = ಅ' ಎಂದು ಬರೆಯುತ್ತಾರೆ. ಅಮೆರಿಕದಲ್ಲಿ 1980ರ ಆಸುಪಾಸಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಕೊಟ್ಟಾಗ 37 ಶೇಕಡಾ ಜನ ತಪ್ಪಿದರು, ಬಹುತೇಕ ಇದೇ ಥರ ತಲೆಕೆಳಗು ಮಾಡಿ. ಅಧ್ಯಾಪಕರು 10 ಎಂದಿಟ್ಟುಕೊಂಡರೆ ವಿದ್ಯಾರ್ಥಿಗಳು 60. 6ವಿ ಅಂದರೆ 360 ಆಯಿತಲ್ಲ, ಅದು 10ಕ್ಕೆ ಹೇಗೆ ಸಮ? ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುವ ತಪ್ಪು. ಆದರೆ ಬರೆದದ್ದನ್ನು ಹಿಂತಿರುಗಿ ನೋಡುವ ಅಭ್ಯಾಸವೇ ಇಲ್ಲದಿದ್ದರೆ ಸಿಗುವುದಿಲ್ಲ.

ಕೋಚಿಂಗ್ ಹುಡುಗ (ಧಾರವಾಡ):

ಎಲ್ಲ ಸರಿ. ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನಾನು ಬಿ.ಎಡ್. ಮುಗಿಸಿ ಇಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ಟಿಇಟಿಯಲ್ಲಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ, 150 ಪ್ರಶ್ನೆ, 150 ನಿಮಿಷ. ಎರಡನೇ ಪತ್ರಿಕೆಯಲ್ಲಿ ಗಣಿತ ವಿಜ್ಞಾನ ಸೇರಿ 60 ಅಂಕ. ಒಂದು ಪ್ರಶ್ನೆಗೆ ಒಂದು ನಿಮಿಷ. ಅಲ್ಲಿ ಮಾವಿನಹಣ್ಣಿನ ಜೊತೆ ಅರ್ಧ ಗಂಟೆ ಕೂತರೆ ಕೆಲಸ ಹೋಯಿತು. ನಾವು ಬದುಕಬೇಕಲ್ಲ?

ಬಿ.ಎಡ್. ಎರಡು ವರ್ಷ ಮಾಡಿದರು, 2015ರಿಂದ. ಮೊದಲು ಒಂದೇ ವರ್ಷ ಇತ್ತು. ಹೆಚ್ಚಾದ ಆ ಒಂದು ವರ್ಷದಲ್ಲಿ ಗಣಿತ ಎಷ್ಟು ಹೆಚ್ಚಾಯಿತು? ರೆಕಾರ್ಡ್ ಬುಕ್, ಅಸೈನ್ಮೆಂಟ್, ಚಾರ್ಟ್, ಮಾಡೆಲ್ ಹೆಚ್ಚಾಯಿತು. ರಾತ್ರಿಯಿಡೀ ಥರ್ಮಾಕೋಲ್ ಕತ್ತರಿಸಿದ್ದೇವೆ. ವಿಷಯ ನಿಮಗೆ ಡಿಗ್ರಿಯಲ್ಲೇ ಬಂದಿದೆ ಅಂತ ಅಂದುಕೊಂಡು, ಕಲಿಸುವ ವಿಧಾನ ಮಾತ್ರ ಹೇಳಿಕೊಟ್ಟರು. ವಿದ್ಯಾರ್ಥಿಗಳ ತಪ್ಪು ಹುಡುಕುವ ಮೊದಲು ಇದನ್ನೂ ನೋಡಿ.

ಗಣಿತ ಬೋಧಕಿ (ಮಲೆನಾಡು):

ಬೇಜಾರೇನಿಲ್ಲಪ್ಪ. ನೀನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಥರ್ಮಾಕೋಲ್ ವಿಷಯ ಪೂರ್ತಿ ಒಪ್ಪುತ್ತೇನೆ.

ನಮ್ಮ ವ್ಯವಸ್ಥೆಯಲ್ಲಿ ಸಮಸ್ಯೆ ಬಿಡಿಸುವುದೂ ಒಂದು ಬಾಯಿಪಾಠ ಆಗಿಹೋಗಿದೆ. ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಹೇಳಿದ ನಾಲ್ಕು ಹೆಜ್ಜೆ ಪ್ರತಿ ಬಿ.ಎಡ್. ವಿದ್ಯಾರ್ಥಿಗೂ ಗೊತ್ತು. ಸಮಸ್ಯೆ ಅರ್ಥ ಮಾಡಿಕೋ, ಉಪಾಯ ಹೂಡು, ಅದರಂತೆ ಮಾಡು, ಹಿಂತಿರುಗಿ ನೋಡು. ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟ ಬರೆಯುತ್ತಾರೆ. ಮೈನಸ್ ಹಣ್ಣಿಗೆ ಚೌಕ ಹಾಕಿದವರೂ ಬರೆಯುತ್ತಾರೆ! 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಯೋಚನೆಗೇ ಗಣಿತದ ರೀತಿ ಬರಬೇಕು ಎಂದಿತು. ಅದೂ ನೋಟ್ಸ್ ಆಯಿತು.

ಆದರೆ ನೌಕರಿ ಪರೀಕ್ಷೆ ಇದೆ ಅಂತ ಇದನ್ನು ಬಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಕೆಲಸ ಸಿಕ್ಕ ಮೇಲೆ ಮೂವತ್ತು ವರ್ಷ ಮಕ್ಕಳ ಮುಂದೆ ನಿಲ್ಲುವವರು ನೀವು.

ನಮ್ಮಲ್ಲಿ ಈಗ ವಾರಕ್ಕೊಂದು ಪೀರಿಯಡ್ ಇದಕ್ಕೇ ಇಟ್ಟಿದ್ದೇನೆ. ಒಂದೇ ಲೆಕ್ಕ. ಇಬ್ಬಿಬ್ಬರ ಜೋಡಿ. ಒಬ್ಬರು ಬಿಡಿಸುತ್ತಾ ತಲೆಯಲ್ಲಿ ಓಡುತ್ತಿರುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬರು ಉತ್ತರ ಹೇಳುವಂತಿಲ್ಲ, ಮೂರು ಪ್ರಶ್ನೆ ಮಾತ್ರ ಕೇಳಬಹುದು. ಈಗ ಏನು ಮಾಡ್ತಿದ್ದೀಯ? ಯಾಕೆ ಮಾಡ್ತಿದ್ದೀಯ? ಇದರಿಂದ ಏನು ಸಿಗುತ್ತೆ? ಈ ಪ್ರಶ್ನೆಗಳು ನನ್ನವಲ್ಲ, ಅಮೆರಿಕದ ಗಣಿತ ಶಿಕ್ಷಣ ಸಂಶೋಧಕ ಅಲನ್ ಶೋನ್‌ಫೆಲ್ಡ್ ಅವರು ತಮ್ಮ ತರಗತಿಯಲ್ಲಿ ಕೇಳುತ್ತಿದ್ದವು. ಅವರು ಕಾಲೇಜು ವಿದ್ಯಾರ್ಥಿಗಳು ಲೆಕ್ಕ ಬಿಡಿಸುವುದನ್ನು ವಿಡಿಯೋ ಮಾಡಿ ನೋಡಿದ್ದರು. ಓದಿದ ತಕ್ಷಣ ಒಂದು ದಾರಿ ಹಿಡಿದು, ಅದು ಎಲ್ಲಿಗೂ ಹೋಗದಿದ್ದರೂ ಇಪ್ಪತ್ತು ನಿಮಿಷ ಅದರಲ್ಲೇ ಓಡುತ್ತಿದ್ದರಂತೆ. ನಡುವೆ ನಿಂತು 'ಇದು ಸರಿ ದಾರಿಯಾ?' ಎಂದು ಕೇಳಿಕೊಳ್ಳುತ್ತಿರಲಿಲ್ಲ. ನಮ್ಮ ಎಕ್ಸ್ ಕಥೆಯೂ ಅದೇ.

ಶುರುವಿನಲ್ಲಿ ಬಾಯಿಬಿಟ್ಟು ಹೇಳುವುದು ಎಂದರೆ ಎಲ್ಲರಿಗೂ ಸಂಕೋಚ. 'ಗೊತ್ತಾಗ್ತಿಲ್ಲ' ಎಂದು ಗಟ್ಟಿಯಾಗಿ ಹೇಳಿ ಅವರಿಗೆ ಅಭ್ಯಾಸವೇ ಇಲ್ಲ. ಈಗ 'ಎಲ್ಲಿ ಗೊತ್ತಾಗ್ತಿಲ್ಲ' ಅನ್ನುವುದನ್ನು ಬೆರಳಿಟ್ಟು ತೋರಿಸುತ್ತಾರೆ. ಉತ್ತರ ಎಲ್ಲರಿಗೂ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಓದದೆ ಎಕ್ಸ್ ಬರೆಯುವುದು ನಿಂತಿದೆ.

ನಿವೃತ್ತ ಡಯಟ್ ಉಪನ್ಯಾಸಕ (ತುಮಕೂರು):

ಮೇಡಂ, ನೀವು ಕೊಟ್ಟ ಲೆಕ್ಕ ಎಲ್ಲಿಯದು ಅಂತ ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿದ್ದೀರಾ? ಅದು ನಮ್ಮದೇ. ಮಹಾವೀರಾಚಾರ್ಯ, ಸುಮಾರು 850ರ ಹೊತ್ತಿನವನು, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವನು. ಅವನ ಗಣಿತಸಾರಸಂಗ್ರಹದ ಲೆಕ್ಕ ಇದು. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ನಮ್ಮ ಬಿ.ಎಡ್. ಹುಡುಗರಿಗೆ ಈ ಹೆಸರುಗಳು ಒಂದು ಅಂಕದ ಪ್ರಶ್ನೆಗೆ ಗೊತ್ತು. ಅವರ ಲೆಕ್ಕ ಒಂದನ್ನೂ ಬಿಡಿಸಿರುವುದಿಲ್ಲ.

ನಾನು ಇದನ್ನು ಡಯಟ್‌ನಲ್ಲಿ, ಅಂದರೆ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ, ಡಿ.ಎಡ್. ಮಕ್ಕಳಿಗೆ ಕೊಡುತ್ತಿದ್ದೆ. ಕೈಗೆ ಹುಣಸೆಬೀಜ ಕೊಟ್ಟು, ಪೆನ್ನು ಮುಟ್ಟಬಾರದು ಎಂದು ಹೇಳುತ್ತಿದ್ದೆ. ಪೆನ್ನಿಲ್ಲದಿದ್ದರೆ ಎಕ್ಸ್ ಇಲ್ಲ. ಆಗ ಬೇರೆ ದಾರಿ ಇಲ್ಲದೆ ಕೊನೆಯಿಂದ ಶುರು ಮಾಡುತ್ತಾರೆ. ಮಗುವಿನ ಮುಂದೆ ಮೂರು ಬೀಜ. ಅದಕ್ಕೆ ಮೊದಲು ಕಿರಿಯ ರಾಜಕುಮಾರ ಅರ್ಧ ಎತ್ತಿಕೊಂಡಿದ್ದ, ಅಂದರೆ ಅವನದ್ದೂ ಮೂರು, ಒಟ್ಟು ಆರು. ಅವನಿಗೆ ಮೊದಲು ನಡುವಿನವನು ಮೂರರಲ್ಲಿ ಒಂದು ಪಾಲು ತೆಗೆದು ಎರಡು ಪಾಲು ಬಿಟ್ಟಿದ್ದ. ಎರಡು ಪಾಲು ಆರು, ಒಂದು ಪಾಲು ಮೂರು, ಒಟ್ಟು ಒಂಬತ್ತು. ಅಷ್ಟು ಹೊತ್ತಿಗೆ ಯಾರಾದರೂ ಕೂಗುತ್ತಾರೆ, 'ಸರ್, ಎಲ್ಲರಿಗೂ ಮೂರೇ!' ಹನ್ನೆರಡು, ಹದಿನೈದು, ಹದಿನೆಂಟು. ರಾಜನಿಗೂ ಮೂರು, ಮಗುವಿಗೂ ಮೂರು.

ನಾನು ಅಲ್ಲಿಗೆ ಬಿಡುತ್ತಿರಲಿಲ್ಲ. ಉತ್ತರ 18 ಬಂತು ಎಂದ ಕೂಡಲೇ ತರಗತಿ ಸಡಿಲವಾಗುತ್ತದೆ. ನಿಜವಾದ ಗಣಿತ ಅಲ್ಲಿಂದ ಶುರು. ಎಲ್ಲರಿಗೂ ಸಮ ಯಾಕೆ ಬಂತು? ರಾಶಿಯನ್ನು ಆರು ಸಮಪಾಲು ಮಾಡಿ. ರಾಜ ಒಂದು ಪಾಲು ತೆಗೆದ, ಐದು ಉಳಿಯಿತು. ರಾಣಿಗೆ ಅದರ ಐದನೇ ಒಂದು, ಅಂದರೆ ಮತ್ತೆ ಒಂದು ಪಾಲು. ಹೀಗೇ ಕೆಳಗೆ. ಏಳನೇ ಒಂದು ಭಾಗ ತೆಗೆಯುವ ಮಂತ್ರಿಯೊಬ್ಬ ಮೊದಲೇ ಬಂದಿದ್ದರೆ? 21. ಮಗುವಿಗೆ ಐದು ಉಳಿದಿದ್ದರೆ? ರಾಜ ರಾಣಿ ಸರದಿ ಬದಲಿಸಿಕೊಂಡರೆ? ಇದನ್ನು ಮಾಡಿ ನೋಡಿ, ಒಂದು ಚಂದದ ಸಂಗತಿ ಸಿಗುತ್ತದೆ.

ಆಮೇಲೆ ನೀವೇ ಒಂದು ಲೆಕ್ಕ ಮಾಡಿ ಎನ್ನುತ್ತಿದ್ದೆ. ಇದು ಬಿಡಿಸುವುದಕ್ಕಿಂತ ಕಷ್ಟ. ಸುಮ್ನೆ ಅಂಕಿ ಹಾಕಿದರೆ ಒಬ್ಬರಿಗೆ ಎರಡೂಕಾಲು ಹಣ್ಣು ಬರುತ್ತದೆ. ಹೊಂದಿಸಲು ಹೋದಾಗ ಲಸಾಅ ಯಾಕೆ ಬೇಕು ಅಂತ ತಾನಾಗಿ ತಿಳಿಯುತ್ತದೆ. ಒಂದು ಲೆಕ್ಕ ಕಟ್ಟಿದ ಮೇಷ್ಟ್ರು ಮಗು ಎಲ್ಲಿ ಎಡವುತ್ತದೆ ಅಂತ ಮೊದಲೇ ಊಹಿಸಬಲ್ಲ.

ಎರಡನೇ ವರ್ಷದವಳು (ಕೊಪ್ಪಳ):

ಸರ್, ಸರದಿ ಬದಲಿಸಿ ನೋಡಿದೆ. ರಾಣಿ ಮೊದಲು 18ರಲ್ಲಿ ಐದನೇ ಒಂದು ತೆಗೆದರೆ ಹಣ್ಣು ಕತ್ತರಿಸಬೇಕಾಗುತ್ತದೆ, 3.6. ಉಳಿದದ್ದು 14.4. ರಾಜನಿಗೆ ಅದರ ಆರನೇ ಒಂದು, 2.4. ಆದರೆ ಇಬ್ಬರೂ ತೆಗೆದ ಮೇಲೆ ಉಳಿಯುವುದು ಮತ್ತೆ 12! ಗುಣಾಕಾರದಲ್ಲಿ ಸರದಿ ಬದಲಾದರೂ ಫಲ ಅದೇ ತಾನೇ, 5/6 ಗುಣಿಲೆ 4/5. ಕೊನೆಯ ಮಗುವಿಗೆ ಏನೂ ವ್ಯತ್ಯಾಸ ಇಲ್ಲ, ರಾಜ ರಾಣಿಗೆ ಮಾತ್ರ ವ್ಯತ್ಯಾಸ. ಕ್ರಮವಿನಿಮಯ ನಿಯಮ ಅಂತ ಎಷ್ಟು ಸಲ ಬರೆದಿದ್ದೇನೋ, ಹೀಗೆ ಕಂಡದ್ದು ಇದೇ ಮೊದಲು.

ಈಗ ನನ್ನ ಪ್ರಶ್ನೆ. ತರಗತಿಯಲ್ಲಿ ಅರವತ್ತು ಮಕ್ಕಳು, ನಲವತ್ತು ನಿಮಿಷ. ಮಗು ಕೇಳಿದ್ದಕ್ಕೆ ನನಗೇ ತಕ್ಷಣ ಉತ್ತರ ಗೊತ್ತಿಲ್ಲದಿದ್ದರೆ ಏನು ಮಾಡಲಿ?

ಹೈಸ್ಕೂಲ್ ಮೇಷ್ಟ್ರು (ಹಾವೇರಿ):

'ನನಗೂ ಈಗ ಹೊಳೀತಿಲ್ಲ, ಒಟ್ಟಿಗೆ ನೋಡೋಣ ಬನ್ನಿ' ಅನ್ನು. ಆದರೆ ಅಷ್ಟಕ್ಕೇ ನಿಲ್ಲಿಸಬೇಡ. ಆ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಕೇಳಿದ ಮಗುವಿನ ಹೆಸರಿನ ಜೊತೆ ಬರೆ. ಅಳಿಸಬೇಡ. ಮಾರನೇ ದಿನ ಐದು ನಿಮಿಷ ಅದಕ್ಕೆ ಕೊಡು. ಸಣ್ಣ ಅಂಕಿ ಹಾಕಿ ನೋಡುವುದು, ಚಿತ್ರ ಬರೆಯುವುದು, ಹಿಂದಿನಿಂದ ಬರುವುದು, ಇವನ್ನು ಮಕ್ಕಳ ಎದುರೇ ಮಾಡು. ಮಕ್ಕಳು ಗೌರವ ಕಳೆದುಕೊಳ್ಳುವುದಿಲ್ಲ. ಮರುದಿನ ಮರೆತುಬಿಟ್ಟರೆ ಮಾತ್ರ ಕಳೆದುಕೊಳ್ಳುತ್ತಾರೆ.

ಸಮಯದ ವಿಷಯ ನಿಜ. ಹತ್ತನೇ ತರಗತಿಯಲ್ಲಿ ಜನವರಿ ಬಂದರೆ ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜ್ ಬಿಟ್ಟು ಬೇರೆ ಮಾತಾಡಲು ಆಗುವುದಿಲ್ಲ. ಅದಕ್ಕೇ ಎಂಟನೇ ತರಗತಿಯಲ್ಲೇ ಇದನ್ನು ಶುರು ಮಾಡಬೇಕು.

ಕೋಚಿಂಗ್ ಹುಡುಗ (ಧಾರವಾಡ):

ಹುಣಸೆಬೀಜದ ದಾರಿ ನಮ್ಮ ರೂಮಿನಲ್ಲಿ ಹೇಳಿದೆ. ಬೀಜ ಇರಲಿಲ್ಲ, ಕಡಲೆಬೀಜ ಇಟ್ಟುಕೊಂಡೆವು. ಒಂದು ವಿಷಯ ಒಪ್ಪಬೇಕು. ಎಕ್ಸ್ ಹಾಕಿ ಮಾಡುವುದಕ್ಕಿಂತ ಹಿಂದಿನಿಂದ ಬರುವುದೇ ಬೇಗ. ನಿಮಿಷದ ಪರೀಕ್ಷೆಗೂ ಇದು ಉಪಯೋಗ. ಇಂಥ ಲೆಕ್ಕ ಇನ್ನೂ ಇದ್ದರೆ ಹಾಕಿ ಸರ್.

ನಿವೃತ್ತ ಡಯಟ್ ಉಪನ್ಯಾಸಕ (ತುಮಕೂರು):

ಇದನ್ನು ಮಾಡು. ಊರಿಂದ ಸಂತೆಗೆ ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಹೋದೆ, 6 ಕಿಲೋಮೀಟರ್ ವೇಗದಲ್ಲಿ ಬಂದೆ. ಸರಾಸರಿ ವೇಗ ಎಷ್ಟು? ದೂರ ನಾನು ಹೇಳುವುದಿಲ್ಲ. 5 ಎಂದು ಬರೆಯುವ ಮೊದಲು ಹೋಗುವಾಗ ಎಷ್ಟು ಹೊತ್ತು ನಡೆದೆ, ಬರುವಾಗ ಎಷ್ಟು ಹೊತ್ತು ನಡೆದೆ ಎಂದು ಯೋಚಿಸು. ದೂರ ಗೊತ್ತಿಲ್ಲದೆ ಹೇಗೆ ಅನ್ನಿಸಿದರೆ, ನಿನಗೆ ಅನುಕೂಲವಾದ ದೂರವೊಂದನ್ನು ಇಟ್ಟುಕೋ. ಬೇರೆ ದೂರ ಇಟ್ಟರೂ ಅದೇ ಉತ್ತರ ಬರುತ್ತದೆಯೇ ನೋಡು.

ಎರಡನೇ ವರ್ಷದವಳು (ಕೊಪ್ಪಳ):

12 ಕಿಲೋಮೀಟರ್ ಇಟ್ಟುಕೊಂಡೆ. ಹೋಗಲು 3 ಗಂಟೆ, ಬರಲು 2. ಒಟ್ಟು 24 ಕಿಲೋಮೀಟರ್, 5 ಗಂಟೆ, ಸರಾಸರಿ 4.8. ದೂರ 24 ಇಟ್ಟರೂ 4.8.

ಮೇಡಂ, ಮಾವಿನಹಣ್ಣಿನ ಲೆಕ್ಕವನ್ನು ಮುಂದಿನ ಪಾಠ ಯೋಜನೆಗೆ ಹಾಕಿಕೊಳ್ಳುತ್ತಿದ್ದೇನೆ. ನಮ್ಮಲ್ಲಿ ಪಾಠವನ್ನು ಐದು ಹಂತ ಮಾಡುವ 5ಇ ಮಾದರಿಯಲ್ಲೇ ಬರೆಯಬೇಕು. ಮಕ್ಕಳು ಹುಡುಕುವುದಕ್ಕೆ ಹದಿನೈದು ನಿಮಿಷ ಬಿಟ್ಟು, ಆ ಹೊತ್ತಿನಲ್ಲಿ ನಾನು ಬೋರ್ಡಿನಲ್ಲಿ ಏನೂ ಬರೆಯದಿದ್ದರೆ ನೋಡಲು ಬಂದವರು ಅಂಕ ಕಡಿತ ಮಾಡುತ್ತಾರಾ?

ಗಣಿತ ಬೋಧಕಿ (ಮಲೆನಾಡು):

ಮಕ್ಕಳು ತಾವೇ ಹುಡುಕುವ ಅನ್ವೇಷಣೆ ಹಂತದಲ್ಲಿ ಹಾಕು. ಆ ಹದಿನೈದು ನಿಮಿಷದಲ್ಲಿ ನೀನು ಏನು ಮಾಡುತ್ತೀಯ ಅಂತ ಯೋಜನೆಯಲ್ಲಿ ಬಿಡಿಸಿ ಬರೆ. ಯಾವ ಗುಂಪಿನ ಹತ್ತಿರ ಹೋಗಿ ಏನು ಕೇಳುತ್ತೀಯ, ಮಕ್ಕಳು ಎಲ್ಲವನ್ನೂ ಪೂರ್ತಿ ರಾಶಿಯಿಂದಲೇ ತೆಗೆದರೆ ಯಾವ ಪ್ರಶ್ನೆ ಹಾಕುತ್ತೀಯ, ಬೇಗ ಮುಗಿಸಿದವರಿಗೆ ಮುಂದೇನು. ನೋಡಲು ಬಂದವರ ಕೈಗೆ ಪಾಠ ಶುರುವಾಗುವ ಮೊದಲೇ ಆ ಹಾಳೆ ಕೊಡು. ಬೀಜ ಗುಂಪಿಗೆ ಇಪ್ಪತ್ತೈದು ಸಾಕು. ಹದಿನೆಂಟೇ ಕೊಟ್ಟರೆ ಎಣಿಸಿ ಹೇಳಿಬಿಡುತ್ತಾರೆ.